ಬರಗಾಲದ ಕೆರೆಯ ಹಾಜರಿ ಪಟ್ಟಿ

ನಮ್ಮೂರು ಸವದತ್ತಿ ಸೀಮೆಯದು. ಊರ ಹೊರಗಿನ ಕೆರೆಗೆ ನಮ್ಮಜ್ಜಿ ‘ಬರಗಾಲದ ಕೆರಿ’ ಎನ್ನುತ್ತಿದ್ದಳು. ಯಾವ ಬರ ಎಂದು ಕೇಳಿದರೆ, “ನಮ್ಮತ್ತಿಯ ಅತ್ತಿ ಬುಟ್ಟಿ ಹೊತ್ತ ಬರ” ಎನ್ನುವಳು. ಆ ಮುತ್ತಜ್ಜಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಏರಿ ಮಾತ್ರ ಇನ್ನೂ ಇದೆ.

2025ರ ಬೇಸಿಗೆಯಲ್ಲಿ ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಹೋಗುವಾಗ ಆ ಏರಿ ನೆನಪಾಯಿತು. ಆಗ ನಾನು ಅಮೆರಿಕದ 1930ರ ದಶಕದ ಬಗ್ಗೆ ಓದುತ್ತಿದ್ದೆ. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗಾಗಿ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ರಸ್ತೆ, ಶಾಲೆ, ಸೇತುವೆಗಳ ಕಾಮಗಾರಿ ತೆರೆಯಿತು. 1935ರಿಂದ 1943ರವರೆಗೆ ಡಬ್ಲ್ಯುಪಿಎ ಎಂಬ ಒಂದೇ ಸಂಸ್ಥೆಯಲ್ಲಿ ಸುಮಾರು 85 ಲಕ್ಷ ಜನ ದುಡಿದರು. ಹಸಿದವರಲ್ಲಿ ಚಿತ್ರಕಾರರೂ ಇದ್ದಾರೆಂದು ಅವರಿಗೂ ಸಂಬಳ ಕೊಟ್ಟು ಚಿತ್ರ ಬರೆಸಿದರು. ಮುಂದೆ ಜಗತ್ಪ್ರಸಿದ್ಧನಾದ ಜಾಕ್ಸನ್ ಪೊಲಾಕ್ ಆ ಸಂಬಳದಲ್ಲೇ ವರ್ಷಗಟ್ಟಲೆ ಬದುಕಿದವನು. ಸ್ಯಾನ್ ಫ್ರಾನ್ಸಿಸ್ಕೋದ ಕಾಯ್ಟ್ ಟವರ್‌ನ ಗೋಡೆಗಳ ಮೇಲೆ 1934ರ ಇಂಥದೇ ಇನ್ನೊಂದು ಯೋಜನೆಯ ಭಿತ್ತಿಚಿತ್ರಗಳಿವೆ. ಚಿತ್ರ ಬರೆದವರ ಹೆಸರು ಉಳಿದಿದೆ. ಆದರೆ ಅಲ್ಲಿಯೂ ಕಾಲುದಾರಿಗೆ ಕಾಂಕ್ರೀಟ್ ಸುರಿದವರ ಗುರುತೆಂದರೆ ‘ಡಬ್ಲ್ಯುಪಿಎ’ ಎಂಬ ಅಚ್ಚು ಮತ್ತು ಒಂದು ಇಸವಿ, ಅಷ್ಟೇ.

ನಮ್ಮಲ್ಲಿ ಹಸಿದವರಿಗೆ ಕೆಲಸ ಕೊಡುವ ಪದ್ಧತಿ ಇದಕ್ಕಿಂತ ಹಳೆಯದು, ಮತ್ತು ಕಠೋರವಾದದ್ದು. ಧಾತು ಸಂವತ್ಸರದ ಬರದಲ್ಲಿ, ಅಂದರೆ 1876–78ರಲ್ಲಿ, ಮುಂಬೈ ಪ್ರಾಂತ್ಯದ ಸರ್ಕಾರ ರಸ್ತೆ, ಕೆರೆಗಳ ಕಾಮಗಾರಿ ತೆರೆಯಿತು. ಖರ್ಚು ಹೆಚ್ಚಾಯಿತೆಂದು ವೈಸರಾಯ್ ಲಿಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಕೂಲಿ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಅರ್ಧ ಆಣೆ. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಅಷ್ಟು ತಿಂದು ಇಡೀ ದಿನ ಮಣ್ಣು ಹೊರಬೇಕು. ಸಾವಿರಾರು ಜನ ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಮನವಿಗಳನ್ನು ಬರೆಯಿತು. ಹಸಿದವರು ಹೂಡಿದ ಆ ಮುಷ್ಕರ ನಮ್ಮ ಶಾಲಾಪುಸ್ತಕಗಳಲ್ಲಿ ನನಗೆ ಸಿಕ್ಕಿರಲಿಲ್ಲ.

ನಾನು ಕುಳಿತಿದ್ದ ರೈಲುಮಾರ್ಗವೂ ಆ ಬರದ ಕೂಸೇ. ಬರದಲ್ಲಿ ಮೇವು, ನೀರಿಲ್ಲದೆ ಎತ್ತುಗಳೇ ಸತ್ತರೆ ಚಕ್ಕಡಿಯಲ್ಲಿ ಜೋಳ ಸಾಗಿಸುವುದು ಹೇಗೆ? 1880ರ ಬರಗಾಲ ಆಯೋಗ ರೈಲು, ನೀರಾವರಿ ಎರಡನ್ನೂ ರಕ್ಷಣೆಯ ದಾರಿಯಾಗಿ ಸೂಚಿಸಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಹೊಟಗಿ–ಗದಗ ಹಾದಿಯನ್ನು ‘ಬರಗಾಲದ ಮಾರ್ಗ’ವೆಂದೇ ಕರೆದರು. 1890ರ ಹೊತ್ತಿಗೆ ಆ ಕಂಪನಿಯ ಹಳಿಗಳು ಲೋಂಡಾದಿಂದ ಖಾನಾಪುರ, ಬೆಳಗಾವಿ ದಾಟಿ ಪುಣೆ ಮುಟ್ಟಿದ್ದವು. ದೇಸೂರು, ಇದಲಹೊಂಡ ದಾಟುತ್ತ ಹೊರಗೆ ನೋಡಿದೆ. ಬಯಲು ಮುಗಿದು ಮಲೆನಾಡಿನ ಸೆರಗು ಶುರುವಾಗಿತ್ತು. ಇದೇ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಮ್ಮ ಸವದತ್ತಿಯ ಕಡೆ ಹರಿಯುತ್ತಾಳೆ. ಮಳೆ ಇಲ್ಲಿ, ಬರ ಅಲ್ಲಿ.

ಖಾನಾಪುರದ ಆಚೆ ಒಂದು ಹಳ್ಳಿಯಲ್ಲಿ ಉದ್ಯೋಗ ಖಾತ್ರಿಯ ಕೆಲಸ ನಡೆದಿತ್ತು. ನಲವತ್ತು ಜನ ಕೆರೆಯ ಹೂಳೆತ್ತುತ್ತಿದ್ದರು, ಹೆಚ್ಚಿನವರು ಹೆಂಗಸರು. ಕನ್ನಡ, ಮರಾಠಿ ಎರಡೂ ಒಂದೇ ಬುಟ್ಟಿಯಲ್ಲಿ ಸಾಗುತ್ತಿದ್ದವು. ಆಗ 2005ರ ಕಾನೂನಿನಂತೆ ಮನೆಯೊಂದಕ್ಕೆ ವರ್ಷಕ್ಕೆ ನೂರು ದಿನ ಕೆಲಸವಿತ್ತು. ಆ ವರ್ಷ ಕೂಲಿ 370 ರೂಪಾಯಿ ಇತ್ತು, ಹೆಣ್ಣಿಗೂ ಗಂಡಿಗೂ ಸಮ. ದಾನವಾಗಿ ಸಿಗುತ್ತಿದ್ದ ಕೆಲಸ ಹಕ್ಕಾಗಲು ಟೆಂಪಲ್‌ನ ಕಾಲದಿಂದ ನೂರಿಪ್ಪತ್ತೆಂಟು ವರ್ಷ ಹಿಡಿಯಿತು.

ದಂಡೆಯ ಫಲಕದಲ್ಲಿ ಕಾಮಗಾರಿಯ ಹೆಸರು, ಮೊತ್ತ, ಮಾನವ ದಿನಗಳ ಲೆಕ್ಕ ಇತ್ತು. ಮಾಡಿದವರ ಹೆಸರಿರಲಿಲ್ಲ. ಅದನ್ನು ಹೇಳಿದಾಗ ಒಬ್ಬ ಅಕ್ಕ ನಕ್ಕಳು.

“ಬೋರ್ಡಿನ ಮ್ಯಾಲ ಹೆಸರ ತಗೊಂಡ ಏನ್ಮಾಡೂದ್ರಿ ಅಣ್ಣಾರ? ಮೊಬೈಲಿನ್ಯಾಗ ಬರಬೇಕ್ರಿ. ಫೋಟೋ ಏರಲಿಲ್ಲಂದ್ರ ಇವತ್ತಿನ ಪಗಾರ ಹೋತು.”

ಹಾಜರಿಗೆ ಆಗ ದಿನಕ್ಕೆರಡು ಸಲ ಫೋಟೋ ತೆಗೆದು ಆ್ಯಪ್‌ಗೆ ಏರಿಸಬೇಕಿತ್ತು. ಅಲ್ಲಿ ಕಾಡು ಹತ್ತಿರ, ನೆಟ್‌ವರ್ಕ್ ದೂರ. ನನ್ನ ಮುತ್ತಜ್ಜಿಯ ಹೆಸರೂ ಯಾವುದೋ ಹಾಜರಿ ಪಟ್ಟಿಯಲ್ಲಿ ಇದ್ದಿರಬೇಕು. ಅದನ್ನು ಯಾರೂ ನಮ್ಮ ಮನೆಗೆ ಓದಿ ಹೇಳಲಿಲ್ಲ. ನಾನು ಹೆಸರನ್ನು ನೆನಪಿನ ಮಾತೆಂದುಕೊಂಡಿದ್ದೆ. ಈ ಅಕ್ಕನಿಗೆ ಅದು ಸಂಜೆಯ ರೊಟ್ಟಿಯ ಮಾತು. ಬಹುಶಃ ಮುತ್ತಜ್ಜಿಗೂ ಹಾಗೆಯೇ ಇತ್ತು.

ಮಧ್ಯಾಹ್ನ ಕಾಯಕ ಬಂಧು ಫೋನು ಹಿಡಿದು ಏರಿಯ ತುದಿಗೆ ಹತ್ತಿದಳು. ಎಲ್ಲರೂ ಬುಟ್ಟಿ ಕೆಳಗಿಟ್ಟು ಅವಳನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಅವಳು ಕೈ ಎತ್ತಿದಳು. ಫೋಟೋ ಏರಿತ್ತು. ನಲವತ್ತು ಬುಟ್ಟಿಗಳು ಮತ್ತೆ ತಲೆ ಸೇರಿದವು.