1974ರ ನಿಯಮ ಮತ್ತು ಪಂಟರ್‌ನ ಸರಾಸರಿ: ರೇ ಗೈ ಅಂಕಿಗಳ ಮರುಪರಿಶೀಲನೆ

ಅಮೆರಿಕನ್ ಫುಟ್‌ಬಾಲ್‌ನ ಪಂಟರ್‌ಗಳ, ಅಂದರೆ ಕೈಯಿಂದ ಬಿಟ್ಟ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವವರ, ಬಗ್ಗೆ ಬರೆದವರು ಒಂದು ಸಂಖ್ಯೆಯನ್ನು ಬಿಡದೆ ಉದ್ಧರಿಸುತ್ತಾರೆ: 42.4. ಓಕ್‌ಲೆಂಡ್ ರೈಡರ್ಸ್ ತಂಡದ ರೇ ಗೈ ಹದಿನಾಲ್ಕು ಋತುಗಳಲ್ಲಿ ಪ್ರತಿ ಪಂಟ್‌ಗೆ ಸಾಧಿಸಿದ ಸರಾಸರಿ ಗಜಗಳಿವು. 2014ರಲ್ಲಿ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರುವವರೆಗೆ ಅವನ ಅರ್ಹತೆಯನ್ನು ಪ್ರಶ್ನಿಸಿದವರ ಮುಖ್ಯ ಆಯುಧವೂ ಇದೇ. ಈಚಿನ ಸಾಧಾರಣ ಪಂಟರ್ ಕೂಡ 45 ಗಜ ದಾಟುತ್ತಾನೆ, ಹಾಗಿರುವಾಗ 1973ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ಪ್ರಕ್ರಿಯೆಯ) ಮೊದಲ ಸುತ್ತಿನಲ್ಲಿ, 23ನೆಯವನಾಗಿ, ಗೈಯನ್ನು ಆರಿಸಿದ್ದು ಮಾಲೀಕನ ಶೋಕಿಯೇ ಹೊರತು ಪ್ರತಿಭಾ ಪರೀಕ್ಷೆಯಲ್ಲ ಎಂಬುದು ಅವರ ವಾದ. ಗೈಯ ಪರ ನಿಂತವರು ಉತ್ತರವಾಗಿ ದಂತಕಥೆಗಳನ್ನು ಕೊಟ್ಟರು. 1976ರ ಪ್ರೊ ಬೌಲ್‌ನಲ್ಲಿ ಅವನ ಪಂಟ್ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್ ಛಾವಣಿಯಿಂದ ತೂಗುತ್ತಿದ್ದ ಪರದೆಗೆ ಬಡಿದದ್ದನ್ನು ಎಷ್ಟು ಬಾರಿ ಓದಿಲ್ಲ! ಎರಡೂ ಪಕ್ಷದವರು ಎದುರಿಗೇ ಇದ್ದ ಒಂದು ಆಕರವನ್ನು ತೆರೆಯಲಿಲ್ಲ. ಅದು ಲೀಗಿನ ನಿಯಮಾವಳಿ.

ಶಾಸನದಲ್ಲಿ ಇಷ್ಟು ಗದ್ಯಾಣ ಎಂದು ಓದಿ, ಆ ಗದ್ಯಾಣದ ತೂಕವೆಷ್ಟು, ಯಾವ ಅರಸನ ಕಾಲದ್ದು ಎಂದು ಕೇಳದೆ ಮುಂದೆ ಸಾಗುವ ಸಂಶೋಧಕನನ್ನು ನಾವು ಒಪ್ಪುವುದಿಲ್ಲ. ಪಂಟ್‌ನ ಗಜಕ್ಕೂ ಅದೇ ಪ್ರಶ್ನೆ ಹಾಕಬೇಕು.

1974ರಲ್ಲಿ ವೃತ್ತಿಪರ ಲೀಗ್ ಪಂಟ್‌ಗೆ ಸಂಬಂಧಿಸಿದ ಒಂದು ನಿರ್ಬಂಧ ತಂದಿತು. ಚೆಂಡನ್ನು ಒದೆಯುವ ತನಕ ಒದೆಯುವ ತಂಡದ ಸಾಲಿನವರು ಆರಂಭರೇಖೆ ದಾಟಿ ಓಡುವಂತಿಲ್ಲ. ಇಂದು ಎರಡು ತುದಿಗಳಲ್ಲಿ ನಿಂತವರಿಗಷ್ಟೇ ಇದರಿಂದ ವಿನಾಯಿತಿ. ಕಾಲೇಜು ಆಟದಲ್ಲಿ ಈ ನಿರ್ಬಂಧ ಇಲ್ಲ. ಅಲ್ಲಿ ಚೆಂಡು ಹಿಂದಕ್ಕೆ ಚಿಮ್ಮಿದ ಕ್ಷಣವೇ ಎಲ್ಲರೂ ಓಡಬಹುದು. ಚೆಂಡು ಚಿಮ್ಮಿ ಪಂಟರ್‌ನ ಕಾಲು ತಗಲುವವರೆಗೆ ಸುಮಾರು ಎರಡು ಸೆಕೆಂಡ್ ಹಿಡಿಯುತ್ತದೆ. ಕಾಲೇಜು ಪಂಟರ್‌ನ ಸಂಗಡಿಗರಿಗೆ ಆ ಎರಡು ಸೆಕೆಂಡ್ ಮುಂಗಡವಾಗಿ ಸಿಗುತ್ತದೆ, ವೃತ್ತಿಪರನ ಸಂಗಡಿಗರಿಗೆ ಸಿಗುವುದಿಲ್ಲ. ಆ ಕೊರತೆಯನ್ನು ವೃತ್ತಿಪರ ಪಂಟರ್ ಎತ್ತರದಿಂದ, ಅಂದರೆ ಚೆಂಡು ಗಾಳಿಯಲ್ಲಿ ಇರುವ ಹ್ಯಾಂಗ್ ಟೈಮ್‌ನಿಂದ, ತುಂಬಿಕೊಡಬೇಕು. ಎತ್ತರ ಹೆಚ್ಚಿದಷ್ಟೂ ದೂರ ಕಡಿಮೆಯಾಗುತ್ತದೆ.

ಇದು ಬರಿಯ ತರ್ಕವಲ್ಲ ಎಂಬುದಕ್ಕೆ ಸಾಕ್ಷ್ಯ ಗೈಯ ಮೊದಲ ಎರಡು ಋತುಗಳಲ್ಲೇ ಇದೆ. 1973ರಲ್ಲಿ ಅವನು 69 ಪಂಟ್ ಮಾಡಿದ, ಸರಾಸರಿ 45.3. ಆ ವರ್ಷ ಕಾನ್ಸಾಸ್ ಸಿಟಿಯ ಜೆರೆಲ್ ವಿಲ್ಸನ್ 45.5ರೊಂದಿಗೆ ಅವನಿಗಿಂತ ಮೇಲಿದ್ದ. 1974ರಲ್ಲಿ ಗೈ 74 ಪಂಟ್ ಮಾಡಿದ, ಸರಾಸರಿ 42.2. ಮೂರು ಗಜ ಕಳೆದುಕೊಂಡ ಆಟಗಾರ ಆ ವರ್ಷ ಇಡೀ ಲೀಗಿನಲ್ಲಿ ಮೊದಲಿಗನಾದ! ಅವನ ಕಾಲು ಸೋತಿದ್ದರೆ ಉಳಿದವರು ಮುಂದೆ ಹೋಗಬೇಕಿತ್ತು. ಹೋಗಲಿಲ್ಲ, ಲೀಗಿನ ಅಗ್ರ ಸರಾಸರಿಯೇ ಕುಗ್ಗಿತು. 42.4ನ್ನು ಗೈಯ ವಿರುದ್ಧ ಬಳಸುವವರು ಈ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದಾರೆಂದು ನಾನು ನಂಬಲಾರೆ.

ಈ ಕುಸಿತಕ್ಕೆ ಇನ್ನೊಂದು ವಿವರಣೆ ಇದೆ. ಅದು ದುರ್ಬಲವಾದುದಲ್ಲ, ಆದ್ದರಿಂದ ಬದಿಗೆ ಸರಿಸಿ ಹೋಗುವಂತಿಲ್ಲ. ಅದೇ 1974ರಲ್ಲಿ ಗೋಲ್‌ಕಂಬಗಳನ್ನು ಹತ್ತು ಗಜ ಹಿಂದಕ್ಕೆ, ಅಂಕಣದ ಅಂಚಿಗೆ ಒಯ್ದರು. ದೂರದಿಂದ ಒದ್ದ ಫೀಲ್ಡ್ ಗೋಲ್ ತಪ್ಪಿದರೆ ಚೆಂಡು ಆಟ ಆರಂಭವಾದ ರೇಖೆಗೇ ಮರಳಿ ಎದುರಾಳಿಯ ಪಾಲಾಗುತ್ತದೆ ಎಂದೂ ವಿಧಿಸಿದರು. ಹೀಗಾಗಿ ಮೊದಲಾಗಿದ್ದರೆ ಫೀಲ್ಡ್ ಗೋಲ್‌ಗೆ ಒದೆಯುತ್ತಿದ್ದ ಜಾಗದಿಂದ ತಂಡಗಳು ಪಂಟ್ ಮಾಡತೊಡಗಿದವು, ಅಲ್ಲಿಂದ ಹೊಡೆಯುವ ಪಂಟ್ ಅನಿವಾರ್ಯವಾಗಿ ಚಿಕ್ಕದು, ಸರಾಸರಿ ಇಳಿದದ್ದು ಅದರಿಂದ ಎಂಬುದು ಈ ವಾದ.

ರೈಡರ್ಸ್ ತಂಡದ ಅಂಕಿಗಳು ಮೊದಲ ನೋಟಕ್ಕೆ ಇದನ್ನು ಪುಷ್ಟೀಕರಿಸುತ್ತವೆ. ತಂಡದ ಕಿಕರ್ ಜಾರ್ಜ್ ಬ್ಲಾಂಡಾ 1973ರಲ್ಲಿ 33 ಫೀಲ್ಡ್ ಗೋಲ್‌ಗಳಿಗೆ ಯತ್ನಿಸಿದ್ದ, 1974ರಲ್ಲಿ ಬರೀ 17. ಹದಿನಾರು ಯತ್ನಗಳು ಕಾಣೆಯಾದವು. ಅವೆಲ್ಲ ಗೈಯ ಕಾಲಿಗೆ ಬಂದವೆ? ಬಂದಿದ್ದರೆ ಪಂಟ್‌ಗಳ ಸಂಖ್ಯೆ ಅಷ್ಟೇ ಏರಬೇಕಿತ್ತು, ಏರಿದ್ದು ಐದು ಮಾತ್ರ. ಅದೇ ಬ್ಲಾಂಡಾನ ಇನ್ನೊಂದು ಅಂಕಿಯನ್ನು ನೋಡಿ. ಟಚ್‌ಡೌನ್ ನಂತರದ ಹೆಚ್ಚುವರಿ ಅಂಕದ ಒದೆತದಲ್ಲಿ ಅವನ ಯಶಸ್ಸು 31ರಿಂದ 44ಕ್ಕೆ ಏರಿತು. ಆ ವರ್ಷ ರೈಡರ್ಸ್ ಹದಿನಾಲ್ಕರಲ್ಲಿ ಹನ್ನೆರಡು ಪಂದ್ಯ ಗೆದ್ದ ತಂಡ. ಕಾಣೆಯಾದ ಫೀಲ್ಡ್ ಗೋಲ್‌ಗಳ ಬಹುಪಾಲು ಟಚ್‌ಡೌನ್‌ಗಳಾಗಿರಬೇಕು.

ಲೆಕ್ಕವನ್ನು ಕೊನೆಯವರೆಗೂ ಒಯ್ಯೋಣ. ಹೆಚ್ಚಾದ ಐದು ಪಂಟ್‌ಗಳೂ ಕೇವಲ 30 ಗಜದವು ಎಂದು ಎದುರುವಾದಿಗೆ ಬಿಟ್ಟುಕೊಟ್ಟರೂ ಸರಾಸರಿ 44.3ಕ್ಕೆ ಇಳಿಯುತ್ತದೆ, 42.2ಕ್ಕಲ್ಲ. ಇಡೀ ಕುಸಿತವನ್ನು ಹೀಗೆ ವಿವರಿಸಬೇಕಾದರೆ ಹಿಂದಿನ ವರ್ಷದ ಪ್ರಮಾಣಕ್ಕಿಂತ ಹದಿನೈದು ಪಂಟ್‌ಗಳು ಹೆಚ್ಚಾಗಿ, ಅಂದರೆ ಪಂದ್ಯಕ್ಕೊಂದರಂತೆ, ಎದುರಾಳಿಯ ನೆಲದಿಂದ ಹೊಡೆದ 30 ಗಜದ ಪಂಟ್‌ಗಳಾಗಿರಬೇಕು, ಜೊತೆಗೆ ತನ್ನ ನೆಲದಿಂದ ಹೊಡೆದವು ಹತ್ತು ಕಡಿಮೆಯಾಗಿರಬೇಕು. ಅಷ್ಟನ್ನು ನಂಬಲು ಬೇರೆ ಆಧಾರ ಬೇಕು. ಫೀಲ್ಡ್ ಗೋಲ್ ನಿಯಮದ ಪಾಲು ಶೂನ್ಯ ಎಂದು ನಾನು ಹೇಳುತ್ತಿಲ್ಲ. ಮೂರರಲ್ಲಿ ಒಂದು ಗಜ ಅದರದ್ದಿರಬಹುದು. ಉಳಿದ ಎರಡು ಗಜ ಎತ್ತರಕ್ಕೆ ಹೋದವು ಎಂಬುದು ನನ್ನ ನಿಲುವು.

ಇದರಿಂದ ಗೈಯ ಭಕ್ತರ ಒಂದು ನಂಬಿಕೆಯೂ ಸಡಿಲವಾಗುತ್ತದೆ, ಅದು ನನಗೆ ಪ್ರಿಯವಾದ ನಂಬಿಕೆಯಾದರೂ. ರೈಡರ್ಸ್ ಅವನನ್ನು ಆರಿಸಿದ್ದು 1973ರ ಜನವರಿಯಲ್ಲಿ, ಸದರ್ನ್ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಪರ 46.2 ಗಜದ ಸರಾಸರಿಯ ಋತು ಮುಗಿಸಿ ಬಂದಾಗ. ಹ್ಯಾಂಗ್ ಟೈಮ್‌ನ ಬೆಲೆ ಏರಿಸಿದ ನಿಯಮ ಇನ್ನೂ ಹುಟ್ಟಿರಲಿಲ್ಲ. ತಂಡ ಅವನ ಎತ್ತರದ ಒದೆತವನ್ನು ಮೆಚ್ಚಿದ್ದು ದಿಟವೇ, ಆದರೆ ಆ ಮೆಚ್ಚುಗೆಯನ್ನು ದೂರದೃಷ್ಟಿಯಾಗಿ ಮಾಡಿದ್ದು ಮುಂದಿನ ವರ್ಷದ ನಿಯಮಾವಳಿ.

ಪಂಟರ್‌ಗಳನ್ನು ಮೊದಲ ಸುತ್ತಿನಲ್ಲಿ ಆರಿಸಬಾರದು ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಟೆಕ್ಸಸ್‌ನ ರಸೆಲ್ ಎರ್ಕ್ಸ್‌ಲೆಬೆನ್, 1979ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಆರಿಸಿದ 11ನೆಯವನು. ಅದರ ಹಿಂದಿನ ವರ್ಷ 15ನೆಯವನಾಗಿ ಹೋದ ಅರ್ಕನ್ಸಾಸ್‌ನ ಸ್ಟೀವ್ ಲಿಟ್ಲ್‌ನನ್ನೂ ಸೇರಿಸುತ್ತಾರೆ. ಇಬ್ಬರೂ ಪಂಟರ್ ಮಾತ್ರವಾಗಿರದೆ ಕಿಕರ್‌ಗಳೂ ಆಗಿದ್ದರು. ಇಬ್ಬರ ಹೆಸರು ಏರಿದ್ದು 1977ರ ಅಕ್ಟೋಬರ್‌ನಲ್ಲಿ ಹೊಡೆದ 67 ಗಜದ ಫೀಲ್ಡ್ ಗೋಲ್‌ಗಳಿಂದ, ಅದೂ ಕಾಲೇಜು ಆಟದಲ್ಲಿ ಅಂದು ಅನುಮತಿಯಿದ್ದ ಟೀ ಮೇಲೆ ಚೆಂಡಿಟ್ಟು. ಎರಡು ಕೆಲಸಕ್ಕೆ ಒಬ್ಬನನ್ನು ಕೊಂಡ ಪ್ರಕರಣವನ್ನು ಪಂಟರ್ ಪರೀಕ್ಷೆಯ ಸೋಲೆಂದು ದಾಖಲಿಸುವುದು ಸರಿಯಲ್ಲ. 2012ರಲ್ಲಿ ಜಾಕ್ಸನ್‌ವಿಲ್ ತಂಡ 70ನೆಯವನಾಗಿ ಬ್ರಯಾನ್ ಆಂಗರ್‌ನನ್ನು ಆರಿಸಿದ್ದು, 75ನೆಯವನಾಗಿ, ಮುಂದೆ ತಾರೆಯಾದ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಸಿಯಾಟಲ್ ಪಾಲಾದದ್ದು ಇನ್ನೊಂದು ಸವೆದ ಕಥೆ. ಆಂಗರ್ ಹತ್ತು ವರ್ಷದ ನಂತರವೂ ಆಡುತ್ತಿದ್ದ, 2021ರ ಋತುವಿಗೆ ಪ್ರೊ ಬೌಲ್ ಗೌರವ ಪಡೆದ. ಬೆಲೆ ಹೆಚ್ಚಾಯಿತೇ ಎಂಬುದು ಒಂದು ಪ್ರಶ್ನೆ, ಒದೆಯಬಲ್ಲನೇ ಎಂಬುದು ಇನ್ನೊಂದು. ಇವೆರಡನ್ನೂ ಕಲಸಿದವರ ಬರಹ ಓದುವಾಗ ನನ್ನ ತಾಳ್ಮೆ ಉಳಿಯುವುದಿಲ್ಲ.

ನಿಯಮಗಳ ಭೇದ ಎಷ್ಟು ಆಳವಾದುದು ಎಂಬುದನ್ನು ಇಬ್ಬರು ಆಸ್ಟ್ರೇಲಿಯನ್ನರಲ್ಲಿ ಕಾಣಬಹುದು. ಯೂಟಾ ವಿಶ್ವವಿದ್ಯಾಲಯದ ಟಾಮ್ ಹ್ಯಾಕೆಟ್ 2014 ಮತ್ತು 2015ರಲ್ಲಿ, ಸತತ ಎರಡು ವರ್ಷ, ಕಾಲೇಜಿನ ಶ್ರೇಷ್ಠ ಪಂಟರ್‌ಗೆ ಕೊಡುವ ರೇ ಗೈ ಪ್ರಶಸ್ತಿ ಪಡೆದ. ಬದಿಗೆ ಓಡುತ್ತಾ ಚೆಂಡನ್ನು ತಗ್ಗಾಗಿ ಒದ್ದು ನೆಲದ ಮೇಲೆ ಉರುಳಿಸುವುದು ಅವನ ಬಲ. ಅವನು ಓಡುವಷ್ಟರಲ್ಲಿ ಸಂಗಡಿಗರು ಮುಂದೆ ತಲುಪಿರುತ್ತಿದ್ದರು. ವೃತ್ತಿಪರ ಲೀಗಿನ ಒಂದು ನಿಯಮಿತ ಪಂದ್ಯವನ್ನೂ ಅವನು ಆಡಲಿಲ್ಲ. 2017ರಲ್ಲಿ ಅದೇ ಪ್ರಶಸ್ತಿ ಪಡೆದ ಟೆಕ್ಸಸ್‌ನ ಮೈಕೆಲ್ ಡಿಕ್ಸನ್‌ನನ್ನು ಸಿಯಾಟಲ್ ಐದನೇ ಸುತ್ತಿನಲ್ಲಿ ಆರಿಸಿತು, ಮೊದಲ ಋತುವಿನಲ್ಲೇ ಅವನು ಆಲ್-ಪ್ರೊ ತಂಡ ಸೇರಿದ. ಪ್ರಶಸ್ತಿ ಒಂದೇ, ಒದೆತ ಬೇರೆ.

ನನ್ನ ವಾದಕ್ಕೆ ಕಠಿಣವಾದ ಪ್ರಕರಣ 2022ರದು. ಹಿಂದಿನ ಋತುವಿನಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್‌ನ ಮ್ಯಾಟ್ ಅರೈಜಾ 51.19 ಗಜದ ಕಾಲೇಜು ದಾಖಲೆ ಬರೆದಿದ್ದ. ಆದರೂ ಜೋರ್ಡನ್ ಸ್ಟೌಟ್ (130) ಮತ್ತು ಜೇಕ್ ಕಮಾರ್ಡಾ (133) ಹೋದ ಮೇಲೆ ಅವನ ಸರದಿ ಬಂದದ್ದು 180ರಲ್ಲಿ. ಕೊಲರಾಡೊ ಸ್ಟೇಟ್‌ನ ರಯಾನ್ ಸ್ಟೋನ್‌ಹೌಸ್‌ನನ್ನು ಯಾರೂ ಆರಿಸಲೇ ಇಲ್ಲ. ಆ ವಿಶ್ವವಿದ್ಯಾಲಯವಿರುವ ಫೋರ್ಟ್ ಕಾಲಿನ್ಸ್ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ತೆಳುಗಾಳಿಯ ಗಜಗಳೆಂದು ಅವನ ಅಂಕಿಗಳನ್ನು ಕಳೆದು ನೋಡಲು ಕಾರಣವಿತ್ತು. ಟೆನೆಸಿ ತಂಡ ಸೇರಿದ ಅವನು ತಗ್ಗಿನ ನ್ಯಾಶ್‌ವಿಲ್ ನಗರವನ್ನು ನೆಲೆಯಾಗಿಸಿಕೊಂಡು 53.1 ಗಜದ ಸರಾಸರಿ ಬರೆದು, 1940ರಿಂದ ನಿಂತಿದ್ದ ಸ್ಯಾಮಿ ಬಾನ 51.4ನ್ನು ಮುರಿದ. ಕಾಲೇಜಿನ ಸರಾಸರಿ ವೃತ್ತಿಗೆ ಸಾಗುವುದಿಲ್ಲ ಎನ್ನುವವರಿಗೆ ಇದು ನೇರ ಉತ್ತರ.

ನಾನು ಹಾಗೆನ್ನುತ್ತಿಲ್ಲ. ಕಾಲಿನ ಶಕ್ತಿ ಸಾಗುತ್ತದೆ, ಗಜವೂ ಸಾಗುತ್ತದೆ. ಸಾಗದೆ ಉಳಿಯುವುದು ಆ ಗಜದ ಬೆಲೆ. ಎಂಬತ್ತೆರಡು ವರ್ಷದ ದಾಖಲೆ ಮುರಿದ ಅದೇ ಋತುವಿನಲ್ಲಿ ಅಸೋಸಿಯೇಟೆಡ್ ಪ್ರೆಸ್‌ನ ಮೊದಲ ಆಲ್-ಪ್ರೊ ತಂಡಕ್ಕೆ ಆಯ್ಕೆಯಾದವನು ಸ್ಟೋನ್‌ಹೌಸ್ ಅಲ್ಲ, ಕಾನ್ಸಾಸ್ ಸಿಟಿಯ ಟಾಮಿ ಟೌನ್ಸೆಂಡ್. ಬಾನ 51.4 ಕೂಡ ಬೇರೆ ತೂಕದ ನಾಣ್ಯ: 35 ಪಂಟ್‌ಗಳು ಮಾತ್ರ, ಅವುಗಳಲ್ಲಿ ಎದುರಾಳಿ ಚೆಂಡಿಗಾಗಿ ಹಿಂದೆ ಯಾರನ್ನೂ ನಿಲ್ಲಿಸದಿದ್ದಾಗ ಹಠಾತ್ತನೆ ಒದ್ದು ಉರುಳಿಸಿದ ಪಂಟ್‌ಗಳೂ ಇದ್ದವು.

ಆದ್ದರಿಂದ ಕಾಲೇಜು ಪಂಟರ್‌ನನ್ನು ತೂಗುವವರು ಅವನ ಋತುವಿನ ಸರಾಸರಿಯನ್ನು ಒಡೆದು ಓದಬೇಕು. ನಿಂತು ಒದ್ದವು ಎಷ್ಟು, ಓಡುತ್ತಾ ಒದ್ದವು ಎಷ್ಟು, ಗಾಳಿಯಲ್ಲಿ ಸಾಗಿದ್ದು ಎಷ್ಟು, ಉರುಳಿದ್ದು ಎಷ್ಟು, ನಾಲ್ಕೂವರೆ ಸೆಕೆಂಡ್ ಮೇಲೆ ನಿಂತವು ಎಷ್ಟು. ಕಾಲೇಜುಗಳ ಅಧಿಕೃತ ಅಂಕಪಟ್ಟಿ ಹ್ಯಾಂಗ್ ಟೈಮ್ ದಾಖಲಿಸುವುದಿಲ್ಲ. ಸ್ಕೌಟ್‌ಗಳು ನಿಲುಗಡಿಯಾರ ಹಿಡಿದು ಅಂಕಣದ ಬದಿಯಲ್ಲಿ ನಿಲ್ಲುವುದು ಇದೇ ಕಾರಣಕ್ಕೆ. 51.19 ಗಜದವನನ್ನು 180ರ ತನಕ ಕಾಯಿಸಿದರೆಂದು ಅವರನ್ನು ಹಂಗಿಸುವ ಇತಿಹಾಸಕಾರರು ಆ ಗಡಿಯಾರದ ಅಂಕಿಗಳನ್ನು ಕೇಳಿ ಪಡೆದು, ಅನಂತರ ತೀರ್ಪು ಬರೆಯಲಿ.