ಬಿಸಿಲುನಾಡಿನಲ್ಲಿ ಲ್ಯಾಪ್‌ಟಾಪ್ ಕಾದರೆ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಬಹುತೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಕೆಯ ಜಾಗದ ತಾಪಮಾನ 35 ಡಿಗ್ರಿ ಮೀರಬಾರದು ಎಂದಿರುತ್ತದೆ. ಸಾಲ ಮಾಡಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಿದ ಮನೆಗಳು ದೇವದುರ್ಗ, ಮಾನ್ವಿಯಲ್ಲಿ ಕಡಿಮೆಯೇನಿಲ್ಲ. ಅದು ಕೋರ್ಸ್ ಮುಗಿಯುವವರೆಗಾದರೂ ಬಾಳಬೇಕು.

ಶಾಖದ ದಾರಿ

ಪ್ರೊಸೆಸರ್‌ನ ಬಿಸಿ ಥರ್ಮಲ್ ಪೇಸ್ಟ್ ಮೂಲಕ ತಾಮ್ರದ ಕೊಳವೆಗೆ, ಅಲ್ಲಿಂದ ತೆಳು ಲೋಹದ ಹಾಳೆಗಳ ಜಾಲರಿಗೆ ಹೋಗುತ್ತದೆ. ಫ್ಯಾನು ಅದನ್ನು ಹೊರಗೆ ತಳ್ಳುತ್ತದೆ. ಆದರೆ ಫ್ಯಾನಿಗೆ ಸಿಗುವುದು ಕೋಣೆಯ ಗಾಳಿಯೇ. ಒಂದು ಕೆಲಸಕ್ಕೆ ಪ್ರೊಸೆಸರ್ ಕೋಣೆಗಿಂತ 50 ಡಿಗ್ರಿ ಹೆಚ್ಚು ಕಾಯುತ್ತದೆ ಎನ್ನಿ. ಕೋಣೆ 25 ಇದ್ದರೆ 75 ಆಯಿತು. 42 ಇದ್ದರೆ 92. ಇನ್ನು ಸ್ವಲ್ಪ ಏರಿ 95–100ರ ಹತ್ತಿರ ಬಂದರೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸುತ್ತದೆ, ಅದನ್ನೂ ಮೀರಿದರೆ ಯಂತ್ರ ಆಫ್ ಆಗುತ್ತದೆ. ಬೆಂಗಳೂರಿನಲ್ಲಿ ಸರಾಗವಾಗಿ ಓಡಿದ ಲ್ಯಾಪ್‌ಟಾಪು ಇಲ್ಲಿ ತಡವರಿಸುವುದು ಇದಕ್ಕೇ.

ಹತ್ತಿಯ ಎಳೆ, ಹೊಟ್ಟಿನ ದೂಳು

ರಾಯಚೂರಿನ ಜಿನ್ನಿಂಗ್ ಮಿಲ್‌ಗಳ ಹತ್ತಿ ಎಳೆ, ಅಕ್ಕಿ ಗಿರಣಿಗಳ ಹೊಟ್ಟಿನ ದೂಳು, ಎರೆಹೊಲದ ನುಣುಪು ಮಣ್ಣು: ಮೂರೂ ಗಾಳಿಯಲ್ಲಿ ತೇಲುತ್ತವೆ. ಹಿಂಬದಿ ಮುಚ್ಚಳ ಬಿಚ್ಚಿದರೆ ಮೊದಲ ನೋಟಕ್ಕೆ ಫ್ಯಾನು ಸ್ವಚ್ಛವಾಗಿಯೇ ಕಾಣಬಹುದು. ಫ್ಯಾನು ಎತ್ತಿ ನೋಡಬೇಕು. ಅದಕ್ಕೂ ಜಾಲರಿಗೂ ನಡುವೆ ಬೂದುಬಣ್ಣದ ಕಂಬಳಿ ತುಂಡಿನಂಥ ಪದರ ಕೂತಿರುತ್ತದೆ. ಎಳೆ ಮೊದಲು ಸಿಕ್ಕಿಕೊಳ್ಳುತ್ತದೆ, ದೂಳು ಅದಕ್ಕೆ ಅಂಟುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಈ ಪದರ ಹೋಗುವುದಿಲ್ಲ, ಬಿಚ್ಚಿಯೇ ತೆಗೆಯಬೇಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದಿರಬೇಕು.

ತಪ್ಪು ಯಂತ್ರದ್ದೋ, ಬಿಸಿಲಿನದ್ದೋ

ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೊದಂಥ ಉಚಿತ ತಂತ್ರಾಂಶ ಪ್ರೊಸೆಸರ್‌ನ ತಾಪಮಾನ ತೋರಿಸುತ್ತದೆ. ನಸುಕಿನಲ್ಲೊಮ್ಮೆ, ಮಧ್ಯಾಹ್ನವೊಮ್ಮೆ ಅದೇ ಕೆಲಸ ಮಾಡಿಸಿ ನೋಡಿ. ಕೋಣೆಯ ಬಿಸಿ ಏರಿದಷ್ಟೇ ಪ್ರೊಸೆಸರ್‌ನದೂ ಏರಿದ್ದರೆ ಆ ಏರಿಕೆ ಬಿಸಿಲಿನದು. ನಸುಕಿನಲ್ಲೂ ಸುಮ್ಮನೆ ಕೂತ ಯಂತ್ರ 85–90 ತೋರಿಸಿದರೆ ದೋಷ ಒಳಗಿದೆ. ಮೊದಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾವುದಾದರೂ ತಂತ್ರಾಂಶ ಹಿಂದೆ ಓಡುತ್ತಿದೆಯೇ ನೋಡಿ.

ಆಮೇಲೆ ಗಾಳಿ ಹೊರಬರುವ ಕಿಂಡಿಗೆ ಕೈ ಹಿಡಿಯಿರಿ. ಸದ್ದು ಜೋರು, ಗಾಳಿ ಕಡಿಮೆ ಎಂದರೆ ಜಾಲರಿ ಕಟ್ಟಿದೆ. ಗಾಳಿ ಜೋರಾಗಿದ್ದೂ ಬೆಚ್ಚಗಷ್ಟೇ ಇದ್ದು, ಪ್ರೊಸೆಸರ್ ಮಾತ್ರ ಕುದಿಯುತ್ತಿದ್ದರೆ ಪೇಸ್ಟ್ ಒಣಗಿರುವ ಸಾಧ್ಯತೆ ಹೆಚ್ಚು. ಯಂತ್ರ ಕಾದಿದ್ದೂ ಸದ್ದೇ ಇಲ್ಲವೆಂದರೆ ಫ್ಯಾನು ಕೆಟ್ಟಿರಬಹುದು.

ತಡೆಯುವುದು ಹೇಗೆ

ಹತ್ತಿ ಸುಗ್ಗಿ ಮುಗಿದು ಬಿಸಿಲು ಏರುವ ಮೊದಲು, ಫೆಬ್ರವರಿ ಹೊತ್ತಿಗೆ, ಒಮ್ಮೆ ಬಿಚ್ಚಿಸಿ ಶುಚಿ ಮಾಡಿಸುವುದು ಎಲ್ಲಕ್ಕಿಂತ ಮುಖ್ಯ. ಪೇಸ್ಟ್ ಬದಲಿಸಿದರೇ ಎಂದು ಅಂಗಡಿಯವರನ್ನು ಕೇಳಿ. ಹಾಸಿಗೆ, ಕೌದಿಯ ಮೇಲೆ ಇಡಬೇಡಿ; ಗಟ್ಟಿ ಮೇಜಿನ ಮೇಲೆ ಹಿಂಭಾಗ ಒಂದಿಂಚು ಎತ್ತಿ ಇಡಿ.

ನಮ್ಮ ಬೇಸಿಗೆ ಒಣ ಹವೆಯದಾದ್ದರಿಂದ ನೀರಿನ ಕೂಲರ್ ಕೋಣೆಯನ್ನು ಚೆನ್ನಾಗಿ ತಣಿಸುತ್ತದೆ. ಹನಿ ಸಿಡಿಯುವಷ್ಟು ಹತ್ತಿರ ಲ್ಯಾಪ್‌ಟಾಪ್ ಇರಬಾರದು, ಅಷ್ಟೇ. ಮಳೆ ಶುರುವಾದ ಮೇಲೆ ಕೂಲರ್‌ನ ಉಪಯೋಗ ಕಡಿಮೆ.

ಕೂಲರ್ ಇಲ್ಲದವರಿಗೂ ದಾರಿಯಿದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇಕಡ 100ರ ಬದಲು 99 ಮಾಡಿದರೆ ಬಹಳಷ್ಟು ಯಂತ್ರಗಳಲ್ಲಿ ಟರ್ಬೊ (ಅಗತ್ಯ ಬಿದ್ದಾಗ ವೇಗ ಏರಿಸುವ ವ್ಯವಸ್ಥೆ) ನಿಲ್ಲುತ್ತದೆ. ವೇಗ ತಗ್ಗುತ್ತದೆ, ಬಿಸಿ ಚೆನ್ನಾಗಿಯೇ ಇಳಿಯುತ್ತದೆ. ಓದು, ಟೈಪಿಂಗ್‌ಗೆ ಅಷ್ಟು ವೇಗ ಧಾರಾಳ ಸಾಕು.

ಬ್ಯಾಟರಿ

ಲಿಥಿಯಂ ಬ್ಯಾಟರಿಗೆ ಬಿಸಿಯೂ ತುಂಬಿದ ಚಾರ್ಜೂ ಕೂಡಿದರೆ ಆಯುಷ್ಯ ಬೇಗ ಕುಗ್ಗುತ್ತದೆ. ಶೇಕಡ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯವಿದ್ದರೆ ಬೇಸಿಗೆಯಲ್ಲಿ ಅದನ್ನು ಬಳಸಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಯಂತ್ರ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ ಬ್ಯಾಟರಿ ಉಬ್ಬಿರಬಹುದು. ಕೂಡಲೇ ಚಾರ್ಜರ್ ತೆಗೆದು ಆಫ್ ಮಾಡಿ, ಒತ್ತಬೇಡಿ, ಚುಚ್ಚಬೇಡಿ. ಬದಲಿಸುವವರೆಗೆ ಅದನ್ನು ಬಳಸಲೇಬಾರದು.