ಪ್ಲಗ್ ಬಿಸಿಯಾಗ್ತಿದೆಯಾ? ಅಂಗಡಿ, ಹುಳುಮನೆಗೆ ಬೆಂಕಿ ಅಲ್ಲಿಂದಲೇ ಹತ್ತಬಹುದು

ಸುಗಟೂರು: ಮನೆಯಿಂದ ರೇಷ್ಮೆ ಹುಳುಮನೆಗೆ ಎಳೆದ ವೈರು, ಅಂಗಡಿ ಒಳಗಿಂದ ಹೊರಗಿನ ತಳ್ಳುಗಾಡಿಗೆ ಕೊಟ್ಟ ಎಕ್ಸ್‌ಟೆನ್ಷನ್ ಬಾಕ್ಸ್. ನಮ್ಮ ಹೋಬಳಿಯ ಊರುಗಳಲ್ಲಿ ಇದೆಲ್ಲ ಮಾಮೂಲಿ. ಬಂದರಿನಲ್ಲಿ ನಿಂತ ದೋಣಿಗೆ ದಡದಿಂದ ಕರೆಂಟ್ ಕೊಡುವಾಗಲೂ ಅಪಾಯದ ಜಾಗ ಇದೇ: ಪ್ಲಗ್ಗು, ಸಾಕೆಟ್ಟು ಕೂಡುವಲ್ಲಿ.

ಎಂಸಿಬಿ ಇದ್ದರೂ ಯಾಕೆ ಬೆಂಕಿ?

'ಎಂಸಿಬಿ ಹಾಕ್ಸಿದ್ದೀವಿ, ಏನೂ ಆಗಲ್ಲ' ಅನ್ನುವವರು ಬಹಳ. ಆದರೆ ಎಂಸಿಬಿ ಬೀಳುವುದು ಲೋಡ್ ಹೆಚ್ಚಾದಾಗ ಅಥವಾ ಶಾರ್ಟ್ ಆದಾಗ. ಪಿನ್ನು ಸಡಿಲವಾದರೆ ಕರೆಂಟ್ ಹೆಚ್ಚಾಗುವುದಿಲ್ಲ, ಆ ಜಾಗ ಮಾತ್ರ ಕಾಯುತ್ತದೆ. 10 ಆಂಪ್ ಹರಿಯುವ ಕಡೆ ಬರೀ ಅರ್ಧ ಓಮ್ ಅಡ್ಡಿ ಇದ್ದರೂ 50 ವ್ಯಾಟ್ ಶಾಖ ಪ್ಲಗ್ಗಿನೊಳಗೇ ಹುಟ್ಟುತ್ತದೆ. ರೇಡಿಯೊ ರಿಪೇರಿಯವರು ಬೆಸುಗೆಗೆ ಬಳಸುವ 25 ವ್ಯಾಟ್ ಐರನ್ನಿನ ಎರಡರಷ್ಟು ಇದು! 30 ಮಿಲಿಆಂಪ್ ಆರ್‌ಸಿಸಿಬಿ ಶಾಕ್‌ನಿಂದ ಜೀವ ಉಳಿಸುತ್ತದೆ, ಹಾಕಿಸಲೇಬೇಕು. ಆದರೆ ಸಡಿಲ ಪಿನ್ನನ್ನು ಅದೂ ಹಿಡಿಯುವುದಿಲ್ಲ.

ಹುಳುಮನೆಯವರು ಗಮನಿಸಿ

ಚಳಿಗಾಲದಲ್ಲಿ ಹುಳುಗಳಿಗೆ ಬೆಚ್ಚಗಿರಲಿ ಎಂದು ಹೀಟರ್ ಹಾಕುತ್ತೀರಿ. ಒಳಗೆ ತೇವ ಜಾಸ್ತಿ. ಸೋಂಕು ನಿವಾರಣೆಗೆ ಬಳಸುವ ಬ್ಲೀಚಿಂಗ್ ಪೌಡರ್ ಲೋಹವನ್ನು ತಿನ್ನುತ್ತದೆ. ಪಿನ್ನಿನ ಮೇಲೆ ಕಪ್ಪು ಅಥವಾ ಹಸಿರು ಪದರ ಕಂಡರೆ ಅದು ಎಚ್ಚರಿಕೆ. ಪಕ್ಕದಲ್ಲೇ ಪೇಪರ್, ಬಿದಿರು ಚಂದ್ರಿಕೆ. ಒಂದು ಕಿಡಿ ಬಿದ್ದರೆ ಇಡೀ ಬೆಳೆ ಹೋಯ್ತು.

ಏನು ಮಾಡಬೇಕು?

- 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಅದನ್ನು 6 ಆಂಪ್ ಸಾಕೆಟ್ಟಿಗೆ ಹಾಕಬೇಡಿ. 16 ಆಂಪ್ ಪಾಯಿಂಟ್, 2.5 ಚದರ ಮಿ.ಮೀ. ತಾಮ್ರದ ವೈರು, ಅರ್ಥಿಂಗ್ ಇರಲಿ.
- ಅರ್ಧ ಗಂಟೆ ಓಡಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ. ಕೈ ಇಡೋಕಾಗದಷ್ಟು ಬಿಸಿ ಇದ್ದರೆ ಮತ್ತೆ ಬಳಸಬೇಡಿ.
- ಸುಟ್ಟ ಪ್ಲಗ್ ಒಂದನ್ನೇ ಬದಲಿಸಿದರೆ ಸಾಲದು. ಸಡಿಲ ಸಾಕೆಟ್ಟು ಹೊಸ ಪ್ಲಗ್ಗನ್ನೂ ಸುಡುತ್ತದೆ. ಎರಡನ್ನೂ ಐಎಸ್‌ಐ ಗುರುತಿನವೇ ಹಾಕಿಸಿ. ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಸಿಗೋವರೆಗೂ ಕತ್ತರಿಸಬೇಕು.
- ಸುತ್ತಿಟ್ಟ ವೈರಿನಲ್ಲಿ ಶಾಖ ಹೊರಗೆ ಹೋಗುವುದಿಲ್ಲ. ಪೂರ್ತಿ ಬಿಚ್ಚಿ ಬಳಸಿ. ಟೇಪ್ ಸುತ್ತಿದ ಜಾಯಿಂಟ್ ಬೇಡ.
- ಎಂಸಿಬಿ ಪದೇ ಪದೇ ಬಿದ್ದರೆ ದೊಡ್ಡದು ಹಾಕಿಸಬೇಡಿ, ಕಾರಣ ಹುಡುಕಿಸಿ.
- ರಾತ್ರಿ ಬಾಗಿಲು ಹಾಕುವಾಗ ಫ್ರಿಜ್ ಬಿಟ್ಟು ಉಳಿದ ಪ್ಲಗ್ ಕಿತ್ತಿಡಿ.

ಬೆಂಕಿ ಹತ್ತಿದರೆ

ಮೊದಲು ಮೇನ್ ಸ್ವಿಚ್ ಆಫ್. ಕರೆಂಟ್ ಇರುವಾಗ ನೀರು ಸುರಿಯಲೇಬೇಡಿ. ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಿ. ಹೊಗೆ ತುಂಬಿದರೆ ಸಾಮಾನಿಗೆ ಆಸೆಪಡದೆ ಹೊರಗೆ ಬನ್ನಿ. 112 ಅಥವಾ 101ಕ್ಕೆ ಫೋನ್ ಮಾಡಿ. ಕಂಬದ ಲೈನಿನ ತೊಂದರೆಗೆ ಬೆಸ್ಕಾಂ ಸಹಾಯವಾಣಿ 1912.

ಒಂದು ಪ್ಲಗ್ಗು, ಸಾಕೆಟ್ಟಿಗೆ ಆಗುವುದು ಕೆಲವು ನೂರು ರೂಪಾಯಿ. ಇವತ್ತು ಅಂಗಡಿ ಮುಚ್ಚೋ ಮೊದಲು ಒಮ್ಮೆ ಮುಟ್ಟಿ ನೋಡಿ.